ಕಂಬದ ಹಿಂದಿನ ರಾಮಾಯಣ

(ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯಲ್ಲಿ 1989ನೇ ಸಾಲಿನ ಎಸ್ಸೆಸ್ಸೆಲ್ಸಿ ವಿದ್ಯಾರ್ಥಿಗಳು ಏರ್ಪಡಿಸಿದ್ದ ಸಮ್ಮಿಲನದಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹರೂಪ.)



ನಿಮ್ಮ ಬಾಲ್ಯದ ಬಗ್ಗೆ ಮಾತನಾಡಲು ನೀವು ಕರೆದಿರುವುದು, ನೀವು ಈ ಶಾಲೆ ಬಿಟ್ಟು ಹತ್ತು ವರ್ಷವಾದ ಮೇಲೆ ಹುಟ್ಟಿದವಳನ್ನು. ಫೋನಿನಲ್ಲಿ ಈ ವಿಷಯ ಕೇಳಿದಾಗ, ‘ಸಾರ್, ಇದನ್ನು ನಿಮ್ಮಲ್ಲೇ ಯಾರಾದರೂ ಮಾತನಾಡಿದರೆ ಚೆನ್ನಲ್ಲವೇ?’ ಎಂದೆ. ‘ನಾವು ಮಾತಾಡಿದರೆ ಅಳ್ತೀವಿ ಕಣಮ್ಮ, ಇಲ್ಲದಿದ್ರೆ ಸುಳ್ಳು ಹೇಳ್ತೀವಿ. ನೀನೇ ಬಾ’ ಎಂದರು. ಇಷ್ಟು ಪ್ರಾಮಾಣಿಕವಾದ ಆಹ್ವಾನ ನನಗೆ ಹಿಂದೆಂದೂ ಬಂದಿರಲಿಲ್ಲ.

ನನ್ನನ್ನು ಕರೆಯಲು ಒಂದು ನೆಪವೂ ಇತ್ತು. ದೂರದರ್ಶನದ ಹಳೆಯ ಅನಲಾಗ್ ಪ್ರಸಾರ ಕೇಂದ್ರಗಳನ್ನು 2021–22ರ ಹೊತ್ತಿಗೆ ದೇಶದಾದ್ಯಂತ ಬಹುಪಾಲು ಮುಚ್ಚಿದರಲ್ಲ, ಆ ಬಗ್ಗೆ ನಾನೊಂದು ಚಿಕ್ಕ ಲೇಖನ ಬರೆದಿದ್ದೆ. ಮನೆಯ ಮೇಲೆ ಕೊಂಬೆ ಕೊಂಬೆಯಾಗಿ ನಿಂತಿರುತ್ತಿದ್ದ ಅಲ್ಯುಮಿನಿಯಂ ಆಂಟೆನಾಕ್ಕೆ ಇನ್ನು ಹಿಡಿಯಲು ಏನೂ ಉಳಿದಿಲ್ಲ, ಈಗ ಅದು ಕಾಗೆ ಕೂರುವ ಕೋಲು ಮಾತ್ರ ಎಂಬುದು ಅದರ ಸಾರ. ಅದನ್ನು ಓದಿ ನಿಮ್ಮಲ್ಲಿ ಹಲವರು ನನಗೆ ಫೋನು ಮಾಡಿದಿರಿ. ಎಲ್ಲರ ಮಾತೂ ಹೆಚ್ಚು ಕಡಿಮೆ ಒಂದೇ ವಾಕ್ಯದಿಂದ ಶುರುವಾಗುತ್ತಿತ್ತು: ‘ಆಗ ನಾವೆಲ್ಲರೂ ಒಟ್ಟಿಗೆ ಕೂತು ನೋಡ್ತಾ ಇದ್ವಿ.’

ಡಿಪ್ಲೊಮಾ ತರಗತಿಯಲ್ಲಿ ನಮಗೆ ಪತ್ರಿಕೋದ್ಯಮ ಕಲಿಸಿದವರು ಒಂದು ಮಾತನ್ನು ಪದೇ ಪದೇ ಹೇಳುತ್ತಿದ್ದರು. ಯಾರಾದರೂ ‘ಎಲ್ಲರೂ’ ಎಂದರೆ ಅಲ್ಲೇ ಪೆನ್ನು ನಿಲ್ಲಿಸಿ, ‘ಯಾರ್ಯಾರು?’ ಎಂದು ಕೇಳಬೇಕು. ಇವತ್ತು ನಾನು ಕೇಳಲು ಬಂದಿರುವುದೂ ಅಷ್ಟೇ. ಬೈಯುವುದಿದ್ದರೆ ಊಟದ ನಂತರ ಬೈಯಿರಿ.

ಲಗೋರಿ, ಚಿನ್ನಿದಾಂಡು, ಬುಗುರಿ, ಗೋಲಿ, ಬೇಸಿಗೆ ರಜೆಯಲ್ಲಿ ಅಜ್ಜಿಯ ಊರು, ಬಾವಿಯಲ್ಲಿ ಈಜು, ಕದ್ದ ಮಾವಿನಕಾಯಿಗೆ ಉಪ್ಪು ಖಾರ – ಇವು ನಿಮ್ಮ ನೆನಪಿನ ಪಟ್ಟಿಯಲ್ಲಿವೆ. ಆದರೆ ಇವು ನಿಮ್ಮವು ಮಾತ್ರವಲ್ಲ, ನಿಮ್ಮ ತಂದೆಯವರಿಗೂ ಇದ್ದವು, ಅವರ ತಂದೆಯವರಿಗೂ ಇದ್ದವು. ‘ಚಂದಮಾಮ’ ಕನ್ನಡದಲ್ಲಿ ಬರತೊಡಗಿದ್ದು 1949ರಲ್ಲಿ, ಅದನ್ನು ನಿಮಗಿಂತ ಮೊದಲು ನಿಮ್ಮ ಅಕ್ಕ ಅಣ್ಣಂದಿರು, ಚಿಕ್ಕಪ್ಪಂದಿರು ಓದಿ ಹರಿದು ಹಾಕಿದ್ದರು. ನಿಮ್ಮ ಪೀಳಿಗೆಗೆ ಮಾತ್ರ ಸಿಕ್ಕಿ, ಹಿಂದಿನವರಿಗೂ ಸಿಗದೆ ಮುಂದಿನವರಿಗೂ ಸಿಗದೆ ಹೋದದ್ದು ಒಂದೇ: ಇಡೀ ದೇಶಕ್ಕೆ ಒಂದೇ ವಾಹಿನಿ ಇದ್ದ ಆ ಏಳೆಂಟು ವರ್ಷ. ಸುಮಾರಾಗಿ 1984ರಿಂದ 1991ರವರೆಗೆ. ಅದಕ್ಕಿಂತ ಮುಂಚೆ ಈ ಕಡೆಯ ಊರುಗಳಲ್ಲಿ ಟೀವಿಯೇ ಇರಲಿಲ್ಲ. ಆಮೇಲೆ ಕೇಬಲ್ಲು ಬಂತು, 1992ರಲ್ಲಿ ಜೀ, 1994ರಲ್ಲಿ ಉದಯ. ಮನೆಗೊಂದು ಟೀವಿ, ಮನಸ್ಸಿಗೊಂದು ಚಾನೆಲ್ ಆಯಿತು.

ಇದರ ಹಿಂದಿನ ಕಥೆ ಸ್ವಲ್ಪ ಹೇಳಬೇಕು. ಏಕೆಂದರೆ ಕರ್ನಾಟಕಕ್ಕೆ ಟೀವಿ ಮೊದಲು ಎಲ್ಲಿ ಬಂತು ಎಂದು ಈ ಕಾರ್ಯಕ್ರಮಕ್ಕೆ ಮುಂಚೆ ಹತ್ತು ಜನರನ್ನು ಕೇಳಿದೆ. ಹತ್ತೂ ಜನ ಬೆಂಗಳೂರು ಎಂದರು. ಅಲ್ಲ. ಬೆಂಗಳೂರಿನ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮುಂಚೆಯೇ ಕಲಬುರಗಿ, ರಾಯಚೂರು, ವಿಜಯಪುರ ಕಡೆಯ ಹಳ್ಳಿಗಳಲ್ಲಿ ಮಕ್ಕಳು ಟೀವಿ ನೋಡುತ್ತಿದ್ದರು.

ಅದು ‘ಸೈಟ್’ ಎಂಬ ಪ್ರಯೋಗ. ಅಮೆರಿಕದ ನಾಸಾ ತನ್ನ ಎಟಿಎಸ್–6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಭಾರತದ ಬಳಕೆಗೆ ಕೊಟ್ಟಿತ್ತು. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಕರ್ನಾಟಕವೂ ಸೇರಿದಂತೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗಾಗಿ ರೂಪಿಸಿದ ಯೋಜನೆ. ಪ್ರೊಫೆಸರ್ ಯಶ್ ಪಾಲ್ ಅವರ ನೇತೃತ್ವದಲ್ಲಿದ್ದ ಅಹಮದಾಬಾದಿನ ಬಾಹ್ಯಾಕಾಶ ಅನ್ವಯಿಕ ಕೇಂದ್ರ ಅದರ ತಾಂತ್ರಿಕ ಹೊಣೆ ಹೊತ್ತಿತ್ತು. ಕೋಳಿಗೂಡಿನ ಜಾಲರಿಯಂಥ ತಂತಿಬಲೆ ಹೊದಿಸಿದ ಹತ್ತು ಅಡಿ ಅಗಲದ ತಟ್ಟೆ, ಅದರ ಪಕ್ಕದಲ್ಲಿ ಊರಿಗೆಲ್ಲ ಸೇರಿ ಒಂದು ಪೆಟ್ಟಿಗೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ ವಿಜ್ಞಾನದ ಪಾಠ, ಸಂಜೆ ಬೇಸಾಯ, ಆರೋಗ್ಯ, ಹಾಡು, ಕುಣಿತ. ಕನ್ನಡದಲ್ಲೇ ಕಾರ್ಯಕ್ರಮಗಳಿದ್ದವು.

ವರ್ಷ ತುಂಬಿತು, ಅಮೆರಿಕದವರು ಉಪಗ್ರಹವನ್ನು ಬೇರೆ ಕಡೆಗೆ ಸರಿಸಿಕೊಂಡರು. ಆಗಸ್ಟ್ 1ರಂದು ಗುಂಡಿ ಒತ್ತಿದರೆ ಪೆಟ್ಟಿಗೆಯಲ್ಲಿ ಏನೂ ಇಲ್ಲ. 1977ರಲ್ಲಿ ಕಲಬುರಗಿಗೆ ಪ್ರಸಾರ ಕೇಂದ್ರ ಬಂತು, ಅದು ರಾಜ್ಯದ ಮೊದಲ ಟೀವಿ ಪ್ರಸಾರ ಕೇಂದ್ರ. ಆದರೆ ನೆಲದ ಮೇಲಿನ ಗೋಪುರದ ಅಲೆ ಹೋಗುವಷ್ಟು ದೂರಕ್ಕೆ ಮಾತ್ರ. ಅದರಾಚೆಯ ಹಳ್ಳಿಯ ಮಕ್ಕಳಿಗೆ ಟೀವಿ ಎಂದರೆ ಒಂದು ವರ್ಷ ಬಂದು ಹೋದ ನೆಂಟರ ಹಾಗೆ. ಅವರೆಲ್ಲ ಈಗ ಐವತ್ತೈದು ಅರವತ್ತರ ಆಜುಬಾಜಿನಲ್ಲಿದ್ದಾರೆ. ನಮ್ಮ ಕಡೆಯವರು ಬಾಲ್ಯದ ನೆನಪಿನ ಬಗ್ಗೆ ಬರೆಯುವಾಗ ಇವರ ಸುದ್ದಿ ಬರುವುದೇ ಇಲ್ಲ. ಬೆಂಗಳೂರಿಗೆ ಬಂದ ದಿನವೇ ಕರ್ನಾಟಕಕ್ಕೆ ಬಂತು ಎಂದು ತಿಳಿಯುವ ಚಾಳಿ ನಮ್ಮ ಪತ್ರಿಕೆಗಳವರಿಗೂ ಇದೆ, ಅದರಲ್ಲಿ ನಾನೂ ಸೇರಿದ್ದೇನೆ.

ಮುಂದಿನದು ನಿಮಗೆ ಗೊತ್ತಿರುವುದೇ. 1982ರ ಆಗಸ್ಟ್ 15ರಿಂದ ದೆಹಲಿಯ ರಾಷ್ಟ್ರೀಯ ಕಾರ್ಯಕ್ರಮ, ಬಣ್ಣದ ಪ್ರಸಾರ, ಆ ವರ್ಷದ ಕೊನೆಗೆ ಏಷ್ಯನ್ ಕ್ರೀಡಾಕೂಟ. 1983ರ ಆಗಸ್ಟ್‌ನಲ್ಲಿ ಇನ್ಸಾಟ್–1ಬಿ ಆಕಾಶಕ್ಕೆ ಹೋಯಿತು. 1984ರಲ್ಲಿ ದಿನಕ್ಕೊಂದು ಎಂಬಂತೆ ದೇಶದ ಊರೂರುಗಳಲ್ಲಿ ಸಣ್ಣ ಮರುಪ್ರಸಾರ ಕೇಂದ್ರಗಳು ಎದ್ದವು. 1985ರಲ್ಲಿ ಟೀವಿಯ ಲೈಸೆನ್ಸ್ ಶುಲ್ಕವನ್ನು ತೆಗೆದುಹಾಕಿದರು. ಡಯನೋರಾ, ಸಾಲಿಡೇರ್, ಇಸಿ ಟೀವಿ. ಅಂಗಡಿಯ ಷಟರಿನಂತೆ ಎಳೆಯುವ ಬಾಗಿಲಿದ್ದ ಮರದ ಪೆಟ್ಟಿಗೆ. ಕಪ್ಪು ಬಿಳುಪಿನ ಪರದೆಯ ಮುಂದೆ ತೂಗುಹಾಕುತ್ತಿದ್ದ ನೀಲಿ ಹಾಳೆ. ವೇದಿಕೆಯ ಮೇಲಿರುವ ವಿಜ್ಞಾನದ ಮೇಷ್ಟ್ರು ಈಗ ತಾನೆ ಹೇಳುತ್ತಿದ್ದರು, ಮೂರು ತಿಂಗಳ ಸಂಬಳ ಕೂಡಿಟ್ಟರೂ ಸಾಲದೆ ಸೊಸೈಟಿಯಲ್ಲಿ ಸಾಲ ಮಾಡಿ ಟೀವಿ ತಂದರಂತೆ. ತಂದ ಮೇಲೆ ಮನೆಯಲ್ಲಿ ಅವರಿಗೇ ಕೂರಲು ಜಾಗವಿರಲಿಲ್ಲವಂತೆ.

ನಮ್ಮ ಊರು ಬೆಂಗಳೂರಿನ ಗೋಪುರಕ್ಕೆ ದೂರ. ಆದ್ದರಿಂದ ತೆಂಗಿನ ಮರದೆತ್ತರಕ್ಕೆ ಪೈಪು ನಿಲ್ಲಿಸಿ, ನಾಲ್ಕು ಕಡೆ ತಂತಿ ಎಳೆದು ಕಟ್ಟಿ, ಬೂಸ್ಟರು ಹಾಕಿದರೂ ಚಿತ್ರದ ಮೇಲೆ ಸದಾ ಅಕ್ಕಿ ಚೆಲ್ಲಿದ ಹಾಗೆ ಚುಕ್ಕೆ. ಗಾಳಿ ಬೀಸಿದರೆ ಮುಗಿಯಿತು. ಒಬ್ಬ ಮಾಡಿನ ಮೇಲೆ, ಒಬ್ಬ ಅಂಗಳದಲ್ಲಿ, ಒಬ್ಬ ಟೀವಿಯ ಮುಂದೆ. ‘ಬಂತಾ?’ ‘ಇಲ್ಲ.’ ‘ಈಗ?’ ‘ಬಂತು... ಬಂತು... ಅಯ್ಯೋ ಹೋಯ್ತು, ಬಿಡಬೇಡ, ಹಂಗೇ ಹಿಡ್ಕೊ!’ ಎಷ್ಟೋ ಹುಡುಗರು ಒಂದಿಡೀ ಕಂತನ್ನು ಪೈಪು ಹಿಡಿದುಕೊಂಡೇ ಕಳೆದಿದ್ದಾರೆ. ಅವರ ನೆನಪಿನಲ್ಲಿ ಮಹಾಭಾರತವೆಂದರೆ ತಣ್ಣನೆಯ ಜಿ.ಐ. ಪೈಪು. ಕೆಲವೊಮ್ಮೆ ತಪ್ಪು ನಮ್ಮದಾಗಿರುತ್ತಿರಲಿಲ್ಲ, ಪರದೆಯ ಮೇಲೆ ‘ರುಕಾವಟ್ ಕೆ ಲಿಯೇ ಖೇದ್ ಹೈ’ ಎಂದು ಬರುತ್ತಿತ್ತು. ಹಿಂದಿ ಬಾರದ ನಮ್ಮ ಸೀಮೆಯ ಮಕ್ಕಳು ಮೊದಲು ಓದಲು ಕಲಿತ ಹಿಂದಿ ವಾಕ್ಯ ಬಹುಶಃ ಇದೇ ಇರಬೇಕು.

ಹಿಂದಿಯ ಮಾತು ಬಂತಲ್ಲ, ಅದರಲ್ಲೊಂದು ಸೋಜಿಗವಿದೆ. ನೀವು ಪ್ರಾಥಮಿಕ ಶಾಲೆಯಲ್ಲಿದ್ದಾಗ, 1982ರಲ್ಲಿ, ಗೋಕಾಕ್ ಚಳವಳಿ ನಡೆಯಿತು. ಡಾ. ರಾಜಕುಮಾರ್ ನಾಡಿನ ಉದ್ದಗಲಕ್ಕೂ ಸುತ್ತಿದರು. ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಬೇಕೆಂದು ಊರಿಗೆ ಊರೇ ಬೀದಿಗಿಳಿಯಿತು. ಅದೇ ವರ್ಷವೇ ಆ ರಾಷ್ಟ್ರೀಯ ಕಾರ್ಯಕ್ರಮವೂ ಶುರುವಾದದ್ದು. ಮುಂದಿನ ಕೆಲವು ವರ್ಷಗಳಲ್ಲಿ ರಾತ್ರಿಯಾದರೆ ಸಾಕು, ನಡುಮನೆಗೆ ಹಿಂದಿ ತಾನಾಗಿ ಬಂದು ಕೂರುತ್ತಿತ್ತು. ಬೆಂಗಳೂರು ಕೇಂದ್ರದ ಕನ್ನಡಕ್ಕೆ ಸಂಜೆಯ ಒಂದಿಷ್ಟು ಹೊತ್ತು ಮಾತ್ರ – ವಾರ್ತೆ, ಕೃಷಿ, ‘ಚಿತ್ರಮಂಜರಿ’, ವಾರಕ್ಕೊಂದು ಸಿನಿಮಾ.

‘ಹಮ್ ಲೋಗ್’ 1984ರಲ್ಲಿ ಬಂದಾಗ ಉತ್ತರದಲ್ಲಿ ಅದು ಮನೆಮಾತು. ನಮ್ಮ ಕಡೆ ಅದನ್ನು ಹಿಂದಿ ಮೇಷ್ಟ್ರು ಬಿಟ್ಟರೆ ಇನ್ಯಾರೂ ನೆಟ್ಟಗೆ ಅರ್ಥ ಮಾಡಿಕೊಂಡ ಹಾಗಿಲ್ಲ. ಆದರೆ 1987ರ ಜನವರಿ 25ರಂದು ರಮಾನಂದ ಸಾಗರರ ‘ರಾಮಾಯಣ’ ಶುರುವಾದಾಗ ಭಾಷೆಯ ತೊಡಕೇ ಬರಲಿಲ್ಲ. ಹೇಗೆ ಬಂದೀತು? ಕಥೆ ಎಲ್ಲರಿಗೂ ಗೊತ್ತಿತ್ತು. ಹರಿಕಥೆ, ಯಕ್ಷಗಾನ, ಮೂಡಲಪಾಯ, ಊರ ಹುಡುಗರು ಸಾಲ ಮಾಡಿ ಆಡುವ ಪೌರಾಣಿಕ ನಾಟಕ – ಇವೆಲ್ಲ ಸೇರಿ ನಮ್ಮ ಜನರಿಗೆ ಆ ಕಥೆಯನ್ನು ಬಾಯಿಪಾಠ ಮಾಡಿಸಿದ್ದವು. ಕೈಕೇಯಿ ಏನು ಕೇಳುತ್ತಿದ್ದಾಳೆ ಎನ್ನಲು ನಿಘಂಟು ಬೇಕೇ? ಎಷ್ಟೋ ಮನೆಗಳಲ್ಲಿ ಅಜ್ಜಿಯೇ ಮುಂದಿನ ಮಾತನ್ನು ಕನ್ನಡದಲ್ಲಿ ಮೊದಲೇ ಹೇಳಿಬಿಡುತ್ತಿದ್ದರಂತೆ. ದೂರದರ್ಶನ ಒಡ್ಡಿದ ಆ ಒಟ್ಟಿಗೆ ನೋಡುವ ಸುಖಕ್ಕೆ ತಳಪಾಯ ಹಾಕಿದವರು ನಮ್ಮ ಭಾಗವತರು, ಹಾರ್ಮೋನಿಯಂ ಮೇಷ್ಟ್ರುಗಳು. ಅವರ ಹೆಸರು ಯಾವ ಕಂತಿನ ಕೊನೆಯಲ್ಲೂ ಬರಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತೂವರೆ. 78 ಕಂತು, 1988ರ ಜುಲೈ 31ರವರೆಗೆ. ಅದು ನಿಂತಾಗ ಉತ್ತರ ಭಾರತದ ಹಲವೆಡೆ ಪೌರಕಾರ್ಮಿಕರು ಕಸ ಗುಡಿಸುವುದನ್ನು ನಿಲ್ಲಿಸಿ ಮುಷ್ಕರ ಹೂಡಿದ್ದರು. ತಮ್ಮನ್ನು ವಾಲ್ಮೀಕಿಯ ವಂಶದವರೆಂದು ಭಾವಿಸುವ ಜನ ಅವರು, ವಾಲ್ಮೀಕಿ ಸ್ವತಃ ಪಾತ್ರವಾಗಿ ಬರುವ ಉತ್ತರಕಾಂಡವನ್ನು ತೋರಿಸದೆ ಕಥೆ ಮುಗಿಸಿದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಆಮೇಲೆ ‘ಉತ್ತರ ರಾಮಾಯಣ’ ತೆರೆಗೆ ಬಂತು. ಪಟ್ಟಾಭಿಷೇಕವಾದರೆ ಕಥೆ ಮುಗಿಯಿತು ಎಂದುಕೊಂಡವರು ಒಳಗೆ ಕುರ್ಚಿಯಲ್ಲಿ ಕೂತಿದ್ದವರು. ಇನ್ನೂ ಇದೆ ಎಂದವರು ಹೊರಗಿದ್ದವರು.

ಈಗ ನಮ್ಮೂರಿಗೆ ಬರುತ್ತೇನೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ದೂರದರ್ಶನ ‘ರಾಮಾಯಣ’ವನ್ನು ಮತ್ತೆ ಹಾಕಿತು. ನಾನು ಆಗ ಪದವಿಯ ಕೊನೆಯ ವರ್ಷ, ಹಾಸ್ಟೆಲಿನಿಂದ ಗಂಟು ಮೂಟೆ ಕಟ್ಟಿಕೊಂಡು ಮನೆಗೆ ಬಂದಿದ್ದೆ. ನಮ್ಮಮ್ಮ ದಿನಾ ಕೆಲಸ ಮುಗಿಸಿ ಟೀವಿಯ ಮುಂದೆ ಕುರ್ಚಿ ಎಳೆದುಕೊಂಡು ಕೂರುತ್ತಿದ್ದರು. ಆ ಕಾಲದ ಗ್ರಾಫಿಕ್ಸಿನ ಬಾಣಗಳನ್ನು ನೋಡಿ ನಾನು ನಗುತ್ತಿದ್ದೆ. ಒಂದು ದಿನ ಅಮ್ಮ ತಟ್ಟನೆ, ‘ಅಯ್ಯೋ, ಇಲ್ಲೊಬ್ಬ ನಿಂತಿದ್ನಾ!’ ಎಂದರು. ಏನಮ್ಮ ಎಂದೆ. ‘ಏನಿಲ್ಲ ಬಿಡು’ ಎಂದರು. ಎರಡು ದಿನ ಬಿಟ್ಟು ಮತ್ತೆ ಹಾಗೇ ಆಯಿತು. ಆಗ ಬಿಡದೆ ಕೇಳಿದೆ.

ಅಮ್ಮ ಹದಿಮೂರು ವರ್ಷದವರಾಗಿದ್ದಾಗ ರಾಮಾಯಣ ನೋಡಿದ್ದು ಪೇಟೆಬೀದಿಯ ಕೊಬ್ಬರಿ ಮಂಡಿಯವರ ಮನೆಯಲ್ಲಿ. ಮನೆಯಲ್ಲಿ ಎಂದರೆ ಮನೆಯ ಒಳಗಲ್ಲ. ಕುರ್ಚಿಗಳಲ್ಲಿ ಮನೆಯ ಗಂಡಸರು, ನೆಂಟರು. ಚಾಪೆಯ ಮೇಲೆ ಮನೆಯ ಹೆಂಗಸರು, ಮಕ್ಕಳು. ಹೊಸಿಲಿನ ಈಚೆ ಪಡಸಾಲೆಯಲ್ಲಿ ಪರವಾಗಿಲ್ಲ ಅನ್ನಿಸಿಕೊಂಡ ಜಾತಿಗಳವರು. ಜಗುಲಿಯ ಮೇಲೆ ಇನ್ನಷ್ಟು ಜನ. ಕೇರಿಯ ಮಕ್ಕಳಿಗೆ ಎಡಗಡೆಯ ಕಿಟಕಿ. ಕಿಟಕಿಯ ಸರಳು ಹಿಡಿದು, ಕಲ್ಲಿನ ಮೇಲೆ ಕಲ್ಲಿಟ್ಟು ನಿಂತು ನೋಡಬೇಕು. ಅಮ್ಮ ನಿಂತ ಜಾಗಕ್ಕೂ ಟೀವಿಗೂ ನಡುವೆ ನಡುಮನೆಯ ಕಂಬ. ಆ ಕಂಬ ಪರದೆಯ ಎಡಗಡೆಯ ಒಂದು ಪಾಲನ್ನು ಮುಚ್ಚುತ್ತಿತ್ತು. ಆದ್ದರಿಂದ ಅಮ್ಮನ ರಾಮಾಯಣದಲ್ಲಿ ಬಲಗಡೆ ನಿಂತವರು ಮಾತ್ರ ಇದ್ದರು. ಅವರು ಯಾರೊಡನೆಯೋ ಮಾತಾಡುತ್ತಿದ್ದರು, ಯಾರಿಗೋ ಕೈ ಮುಗಿಯುತ್ತಿದ್ದರು. ಆ ಯಾರೋ ಕಾಣಿಸಿದ್ದು ಮೂವತ್ತಮೂರು ವರ್ಷದ ಮೇಲೆ.

ಕಿಟಕಿಯ ಜಾಗವೂ ಪುಕ್ಕಟೆಯಲ್ಲ. ಒಂಬತ್ತೂವರೆಗೆ ಮುಂಚೆ ಆ ಮನೆಯ ಹಿತ್ತಿಲ ಗಿಡಗಳಿಗೆ ನಾಲ್ಕು ಬಿಂದಿಗೆ ನೀರು ಹಾಕಬೇಕು. ಬಿಂದಿಗೆಯನ್ನು ಹಿತ್ತಿಲ ಬಾಗಿಲಲ್ಲಿ ಇಟ್ಟು ಹಿಂದಕ್ಕೆ ಸರಿದು ನಿಲ್ಲಬೇಕು. ಅಮ್ಮ ಇದನ್ನು ಹೇಳುವಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು. ‘ನೀರು ಹಾಕೋದು ಹಾಕ್ತಿದ್ವಪ್ಪ, ಆದ್ರೆ ಆ ಹಾಡು ಶುರುವಾದ್ರೆ ಮೈಯೆಲ್ಲ ಜುಂ ಅಂತಿತ್ತು’ ಎಂದರು. ಅಮ್ಮನಿಗೂ ಅದು ಸಿಹಿಯಾದ ನೆನಪೇ. ನೆನೆದರೆ ಅವರ ಮುಖವೂ ಅರಳುತ್ತದೆ. ಇದನ್ನು ನಾನು ಒಪ್ಪಿಕೊಳ್ಳಲೇಬೇಕು, ಇಲ್ಲದಿದ್ದರೆ ಅಮ್ಮನ ಬಾಲ್ಯವನ್ನು ನಾನೇ ಅವರಿಂದ ಕಸಿದುಕೊಂಡಂತೆ.

ಈ ಭಾಷಣಕ್ಕೆ ತಯಾರಿ ಮಾಡುವಾಗ ಆ ಮನೆಯ ಮಗನ ಬಳಿಗೂ ಹೋದೆ. ಅವರೂ ಈ ತಂಡದವರೇ, ಇವತ್ತು ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ. ಒಳ್ಳೆಯ ಮನುಷ್ಯರು, ಕಾಫಿ ಕೊಟ್ಟು ಕೂರಿಸಿ ಮಾತನಾಡಿದರು. ‘ಭಾನುವಾರ ಬಂದರೆ ಇಡೀ ಊರು ನಮ್ಮನೇಲಿರೋದು. ಜಾತಿ ಗೀತಿ ಯಾರು ನೋಡ್ತಿದ್ರು? ಎಲ್ಲರೂ ಒಂದೇ ಅನ್ನೋ ಹಾಗಿತ್ತು’ ಎಂದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಚಾಪೆಯ ಮೇಲೆ ಕುಳಿತ ಹುಡುಗ ಮುಂದಕ್ಕೆ ನೋಡುತ್ತಾನೆ, ಟೀವಿ ಇರುವುದು ಮುಂದೆ. ಕಿಟಕಿ ಇರುವುದು ಬೆನ್ನ ಹಿಂದೆ ಓರೆಗೆ. ಅಲ್ಲಿಂದ ಗದ್ದಲ ಕೇಳುತ್ತದೆ, ಆದ್ದರಿಂದ ಎಲ್ಲರೂ ಇದ್ದಾರೆ ಎಂದು ಅವನಿಗೆ ಗೊತ್ತು. ನಾನು ಕಂಬದ ವಿಷಯ ಕೇಳಿದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, ‘ಹೌದು, ಕಂಬ ಇತ್ತು. ಅದಕ್ಕೆ ಕ್ಯಾಲೆಂಡರ್ ನೇತು ಹಾಕ್ತಿದ್ವಿ’ ಎಂದರು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ. ನಾನು ಹೊರಡುವಾಗ, ‘ನಿಮ್ಮಮ್ಮನಿಗೆ ಬರೋಕೆ ಹೇಳಮ್ಮ’ ಎಂದರು.

‘ಮಾಲ್ಗುಡಿ ಡೇಸ್’ ಬಗ್ಗೆ ಹೇಳದಿದ್ದರೆ ನೀವು ನನ್ನನ್ನು ಬಿಡುವುದಿಲ್ಲ. ಎಂಬತ್ತರ ದಶಕದ ಉತ್ತರಾರ್ಧದಲ್ಲಿ ಬಂದ ಈ ಧಾರಾವಾಹಿಯನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದರು. ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನ ಅಪ್ಪನಾಗಿ ಗಿರೀಶ ಕಾರ್ನಾಡ, ಅಮ್ಮನಾಗಿ ವೈಶಾಲಿ ಕಾಸರವಳ್ಳಿ, ಸಂಗೀತ ಎಲ್. ವೈದ್ಯನಾಥನ್ ಅವರದು, ಚಿತ್ರಗಳು ಆರ್.ಕೆ. ಲಕ್ಷ್ಮಣ್ ಅವರವು. ಕನ್ನಡದವರೇ ತುಂಬಿದ್ದ, ಕನ್ನಡದ ಮಳೆ ಮಣ್ಣಿನಲ್ಲಿ ತೆಗೆದ ಆ ಧಾರಾವಾಹಿ ನಮ್ಮ ಮಕ್ಕಳಿಗೆ ಕೇಳಿಸಿದ್ದು ಹಿಂದಿಯಲ್ಲಿ. ಆದರೂ ಅದು ನಮ್ಮದು ಎಂದು ಯಾರೂ ಹೇಳಿಕೊಡಬೇಕಾಗಲಿಲ್ಲ. ಶಂಕರ್‌ನಾಗ್ 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಹತ್ತಿರ ಆನಗೋಡು ಬಳಿ ಅಪಘಾತದಲ್ಲಿ ತೀರಿಕೊಂಡ ಸುದ್ದಿ ಬಂದ ದಿನ ಎಲ್ಲೆಲ್ಲಿ ಇದ್ದಿರಿ ಎಂಬುದನ್ನು ನಿಮ್ಮಲ್ಲಿ ಹಲವರು ನನಗೆ ಬಿಡಿಸಿ ಬಿಡಿಸಿ ಹೇಳಿದಿರಿ. ಮಾಲ್ಗುಡಿಯ ನಿಲ್ದಾಣವಾಗಿ ಕಾಣಿಸಿಕೊಂಡ ಶಿವಮೊಗ್ಗ ಜಿಲ್ಲೆಯ ಅರಸಾಳಿನ ಹಳೆಯ ರೈಲು ನಿಲ್ದಾಣದಲ್ಲಿ 2020ರಲ್ಲಿ ಒಂದು ಮ್ಯೂಸಿಯಂ ಆಯಿತು. ಅಲ್ಲಿಗೆ ಹೋಗಿ ಫೋಟೋ ತೆಗೆಸಿಕೊಳ್ಳದ ಮಧ್ಯವಯಸ್ಕರಿಲ್ಲ.

ಆದರೆ ಗಮನಿಸಿ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಪ್ರಕಟವಾದದ್ದು 1935ರಲ್ಲಿ. ಅದರ ಕಥೆ 1930ರ ಸ್ವಾತಂತ್ರ್ಯ ಚಳವಳಿಯ ಕಾಲದ್ದು. ಟೋಪಿ ಹಾಕಿಕೊಂಡು, ಬೆತ್ತದ ಏಟು ತಿಂದು, ಕ್ರಿಕೆಟ್ ತಂಡ ಕಟ್ಟುವ ಸ್ವಾಮಿ ನಿಮ್ಮ ಓರಗೆಯವನಲ್ಲ, ನಿಮ್ಮ ಅಜ್ಜನ ಓರಗೆಯವನು. ನೀವು ಎಂಬತ್ತರ ದಶಕದಲ್ಲಿ ಕುಳಿತು ಮೂವತ್ತರ ದಶಕದ ಬಾಲ್ಯವನ್ನು ನೋಡಿದಿರಿ, ಈಗ ಅದನ್ನೇ ನಿಮ್ಮ ಬಾಲ್ಯ ಎಂದು ನೆನೆಯುತ್ತೀರಿ. ಇದರಲ್ಲಿ ತಪ್ಪೇನೂ ಇಲ್ಲ. ನಾನಂತೂ ಆ ಎರಡೂ ಕಾಲದಲ್ಲಿ ಇರದಿದ್ದರೂ ಆ ಸಂಗೀತ ಕೇಳಿದರೆ ಏನೋ ಕಳೆದುಕೊಂಡವಳಂತೆ ಆಗುತ್ತೇನೆ. ನೆನಪು ಎಂಬುದು ನಡೆದದ್ದಕ್ಕಿಂತ ನೋಡಿದ್ದರ ಕಡೆಗೆ ಹೆಚ್ಚು ವಾಲುತ್ತದೆಯೇ ಎಂಬ ಅನುಮಾನ ನನಗಿದೆ. ವಕೀಲರ ಮಗನಾದ ಸ್ವಾಮಿ ಶಾಲೆಯಿಂದ ಓಡಿಹೋದರೂ ಅವನನ್ನು ಹುಡುಕುವವರು ಇರುತ್ತಾರೆ. ನಿಮ್ಮ ತರಗತಿಯಿಂದ ಹೋದವರನ್ನು ಹುಡುಕಿದವರು ಯಾರು?

ಈ ಪ್ರಶ್ನೆಯನ್ನು ಸುಮ್ಮನೆ ಕೇಳುತ್ತಿಲ್ಲ. ಕಳೆದ ವಾರ ಮುಖ್ಯೋಪಾಧ್ಯಾಯರು ದೊಡ್ಡ ಮನಸ್ಸು ಮಾಡಿ ಹಳೆಯ ಬೀರು ತೆಗೆಸಿ ನನಗೆ ಹಾಜರಿ ಪುಸ್ತಕಗಳನ್ನು ತೋರಿಸಿದರು. ಗೆದ್ದಲು ಬಿಟ್ಟು ಉಳಿದದ್ದನ್ನು ಎನ್ನೋಣ. 1986–87ರ ಎಂಟನೆಯ ತರಗತಿಯ ಹಾಜರಿ ಎರಡು ಪುಟ ತುಂಬಿ ಹರಿಯುತ್ತದೆ. 1988–89ರ ಹತ್ತನೆಯ ತರಗತಿಯದು ಒಂದೇ ಪುಟದಲ್ಲಿ ಮುಗಿದು, ಕೆಳಗೆ ಖಾಲಿ ಗೆರೆಗಳಿವೆ. ನಡುವೆ ಕೆಂಪು ಶಾಯಿಯಲ್ಲಿ ಕಾಟು ಹಾಕಿದ ಹೆಸರುಗಳು. ಹೆಣ್ಣುಮಕ್ಕಳ ಹೆಸರುಗಳ ಮೇಲೆ ಕೆಂಪು ಗೆರೆ ಜಾಸ್ತಿ. 1991ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇ 56.04, ಹೆಣ್ಣುಮಕ್ಕಳದು ಶೇ 44.34. ಅಂಕಿ ಅಂಶವನ್ನು ವರದಿಯಲ್ಲಿ ಎಷ್ಟೋ ಸಲ ಬರೆದಿದ್ದೇನೆ. ಆದರೆ ಅದೇ ಕೆಂಪು ಗೆರೆಯ ಕೆಳಗೆ ಅಮ್ಮನ ಹೆಸರು ಓದಿದಾಗ, ಶೇಕಡಾ ಎಂದರೆ ಏನೆಂದು ಸ್ವಲ್ಪ ತಿಳಿಯಿತು.

ಅಮ್ಮ ಎಂಟನೆಯ ತರಗತಿ ಪಾಸಾದರು. ಒಂಬತ್ತಕ್ಕೆ ಬರಲಿಲ್ಲ. ಜಗಳವಿಲ್ಲ, ಅಳುವಿಲ್ಲ, ಬೇಸಿಗೆ ರಜೆಯಲ್ಲಿ ಕಾಯಿ ಸುಲಿದ ಕಡೆ ಹೆಕ್ಕಿ ರಾಶಿ ಹಾಕುವ ಕೆಲಸಕ್ಕೆ ಅಜ್ಜಿಯ ಜೊತೆ ಹೋದರು. ರಜೆ ಮುಗಿದರೂ ಕೆಲಸ ಮುಗಿಯಲಿಲ್ಲ. ಶಾಲೆಯಲ್ಲಿ ಬಿಸಿಯೂಟ ಕೊಡುವ ‘ಅಕ್ಷರ ದಾಸೋಹ’ ನಮ್ಮ ರಾಜ್ಯದಲ್ಲಿ ಶುರುವಾದದ್ದು 2002ರಲ್ಲಿ. ಎಂಟನೆಯ ತರಗತಿಯ ಹೆಣ್ಣುಮಕ್ಕಳಿಗೆ ಬೈಸಿಕಲ್ ಕೊಟ್ಟದ್ದು 2006–07ರಿಂದ. ಆ ಬೈಸಿಕಲ್ಲನ್ನು ನಾನು ಹೊಡೆದಿದ್ದೇನೆ. ಮೊದಲ ದಿನ ಅದನ್ನು ಮನೆಗೆ ತಂದಾಗ ಅಮ್ಮ ಅದರ ಬೆಲ್ಲನ್ನು ಎಷ್ಟು ಸಲ ಬಾರಿಸಿದರೆಂದರೆ ಪಕ್ಕದ ಮನೆಯವರು ಐಸ್‌ಕ್ಯಾಂಡಿಯವನು ಬಂದನೆಂದು ಹೊರಗೆ ಬಂದರು.

ಈಚೆಗೆ ಎಲ್ಲರ ಮೊಬೈಲಿಗೂ ಒಂದು ಸಂದೇಶ ಬರುತ್ತದೆ, ನೀವೂ ಓದಿರುತ್ತೀರಿ. ಬಾಡಿಗೆ ಸೈಕಲ್ ಓಡಿಸಿದ ಕೊನೆಯ ಪೀಳಿಗೆ ನಾವೇ, ಇನ್‌ಲ್ಯಾಂಡ್ ಪತ್ರ ಬರೆದ ಕೊನೆಯವರು ನಾವೇ, ಬೀದಿಯವರೆಲ್ಲ ಒಂದೇ ಮನೆಯಲ್ಲಿ ಟೀವಿ ನೋಡಿದವರು ನಾವೇ ಎಂದು. ಓದಿದರೆ ಗಂಟಲು ಕಟ್ಟುತ್ತದೆ, ಒಪ್ಪುತ್ತೇನೆ. ಹೊಟ್ಟೆಕಿಚ್ಚೂ ಆಗುತ್ತದೆ. ನನ್ನ ವಾರಿಗೆಯವರಿಗೆ ಒಂದು ಭಾನುವಾರ ಬೆಳಿಗ್ಗೆ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಸಂಗತಿಗೆ ನಕ್ಕ, ಅತ್ತ ನೆನಪಿಲ್ಲ. ನಾವು ಒಂದೇ ಕೋಣೆಯಲ್ಲಿ ಕುಳಿತು ನಾಲ್ಕು ಪರದೆ ನೋಡುತ್ತೇವೆ. ಆದರೆ ಆ ಸಂದೇಶ ಬರೆದವರು ಚಾಪೆಯ ಮೇಲಿದ್ದರೇ, ಕಿಟಕಿಯಲ್ಲಿದ್ದರೇ ಎಂದು ಮಾತ್ರ ಅದರಲ್ಲಿ ತಿಳಿಯುವುದಿಲ್ಲ. ಕಿಟಕಿಯವರು ಬರೆದಿದ್ದರೆ ಬಿಂದಿಗೆಯ ಲೆಕ್ಕವೂ ಇರುತ್ತಿತ್ತು.

ಇನ್ನೊಂದು ಮಾತು, ಟೀವಿಯ ಪರವಾಗಿ. ಆ ಕಿಟಕಿಯೂ ಇಲ್ಲದಿದ್ದರೆ ಏನಾಗುತ್ತಿತ್ತು? ಅಮ್ಮ ಹೇಳುತ್ತಾರೆ, ಊರ ಹರಿಕಥೆಗೆ ಹೋದರೆ ಅವರ ಮನೆಯವರು ದೇವಸ್ಥಾನದ ಅಂಗಳದಾಚೆ ಕೂರಬೇಕಿತ್ತು, ಅಲ್ಲಿಗೆ ದಾಸರ ಮುಖ ಕಾಣುತ್ತಿರಲಿಲ್ಲ, ದನಿ ಮಾತ್ರ. ಕಿಟಕಿಯಿಂದ ಮುಖ ಕಂಡಿತು, ಅರ್ಧವಾದರೂ. ಆಮೇಲೆ ಪಂಚಾಯ್ತಿ ಕಟ್ಟೆಗೊಂದು ಟೀವಿ ಬಂತು. ಅಲ್ಲಿ ಯಾರು ಮೊದಲು ಬಂದರೆ ಅವರು ಮುಂದೆ. 1988ರ ಅಕ್ಟೋಬರ್ 2ರಂದು ‘ಮಹಾಭಾರತ’ ಶುರುವಾದಾಗ ಅಮ್ಮ ಬೆಳಿಗ್ಗೆ ಏಳಕ್ಕೇ ಹೋಗಿ ಮುಂದಿನ ಸಾಲಿನಲ್ಲಿ ಕೂತರಂತೆ. ಆ ಟೀವಿ ಕೆಟ್ಟು ಹೋಗುವವರೆಗೆ ಕೂತರು. ಕೆಟ್ಟ ಮೇಲೆ ರಿಪೇರಿ ಮಾಡಿಸಲಿಲ್ಲ. ಮನೆ ಮನೆಗೆ ಟೀವಿ ಬರತೊಡಗಿದ್ದರಿಂದ ಯಾರಿಗೂ ಅದರ ಗರಜೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡಿದ್ದು ಎಲ್ಲಿಯಾದರೂ ನ್ಯಾಯವಾಗಿ ನಡೆದಿದ್ದರೆ ಅದು ಆ ಕಟ್ಟೆಯ ಮೇಲೆ, ಕೆಲವೇ ತಿಂಗಳು. ಅದರ ಫೋಟೋ ಯಾರ ಬಳಿಯೂ ಇಲ್ಲ. ಕಟ್ಟೆಯ ಮೇಲೆ ಆ ಪೆಟ್ಟಿಗೆ ಇಡುತ್ತಿದ್ದ ಕಬ್ಬಿಣದ ಗೂಡು ಮಾತ್ರ ಈಗಲೂ ಇದೆ, ಅದರಲ್ಲಿ ಗ್ರಾಮಸಭೆಯ ಮೈಕಿನ ವೈರು ಸುತ್ತಿಟ್ಟಿದ್ದಾರೆ.

ಊಟಕ್ಕೆ ಹೊತ್ತಾಯಿತೆಂದು ಹಿಂದಿನಿಂದ ಕೈ ಮಾಡುತ್ತಿದ್ದಾರೆ. ಊಟಕ್ಕೆ ಮುಂಚೆ ಸಾಮೂಹಿಕ ಫೋಟೋ ಇದೆ, 1989ರ ಫೋಟೋದಲ್ಲಿ ನಿಂತ ಕ್ರಮದಲ್ಲೇ ನಿಲ್ಲಬೇಕು ಎಂದು ಬೆಳಿಗ್ಗೆ ಪ್ರಕಟಿಸಿದಿರಿ. ಆ ಕ್ರಮದಲ್ಲಿ ಹಾಜರಿಯ ಎರಡನೆಯ ಪುಟದವರಿಗೆ ಜಾಗವಿಲ್ಲ. ಅವರಲ್ಲಿ ಈಗಲೂ ಈ ಊರಲ್ಲೇ ಇರುವವರ ಹೆಸರುಗಳನ್ನು ಅಮ್ಮನ ಸಹಾಯದಿಂದ ಒಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದೇನೆ, ಕಾರ್ಯದರ್ಶಿಗಳ ಕೈಗೆ ಕೊಡುತ್ತೇನೆ. ಇಬ್ಬರು ಇದೇ ಬೀದಿಯ ಕೊನೆಯಲ್ಲಿ ಹೂ ಮಾರುತ್ತಾರೆ, ಇವತ್ತಿನ ಹಾರಗಳನ್ನು ಅವರ ಹತ್ತಿರವೇ ತಂದಿದ್ದೀರಿ. ಅಮ್ಮ ಬಂದಿದ್ದಾರೆ. ಬಾಗಿಲ ಹತ್ತಿರ, ನೀಲಿ ಸೀರೆ, ಕೊನೆಯ ಬೆಂಚು. ಮುಂದೆ ಕುರ್ಚಿ ಖಾಲಿ ಇದೆ ಎಂದು ಬೆಳಿಗ್ಗೆಯಿಂದ ಎರಡು ಸಲ ಹೇಳಿದೆ, ನನ್ನ ಮಾತು ಕೇಳಲಿಲ್ಲ. ನಿಮ್ಮಲ್ಲಿ ಯಾರಾದರೂ ಹೋಗಿ ಕರೆದರೆ ಬರಬಹುದು.